ಕತಾರ್ ವಿಶ್ವಕಪ್‌ನಲ್ಲಿ ಜಪಾನ್: ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜಪಾನ್ ಆಡಿದ್ದು ನಾಲ್ಕೇ ಪಂದ್ಯ. ಆ ನಾಲ್ಕರ ಬಗ್ಗೆ ಜನ ಇವತ್ತಿಗೂ ಕೇಳುತ್ತಲೇ ಇರುತ್ತಾರೆ. ಜರ್ಮನಿಯನ್ನು ಸೋಲಿಸಿದವರು ಕೋಸ್ಟರಿಕಾಗೆ ಯಾಕೆ ಸೋತರು, ಸ್ಪೇನ್ ಪಂದ್ಯದಲ್ಲಿ ಚೆಂಡು ಗೆರೆ ದಾಟಿತ್ತಾ, ಪೆನಾಲ್ಟಿಯಲ್ಲಿ ಯಾಕೆ ಕೈಕೊಟ್ಟರು, ಹೀಗೆ. ಅದೃಷ್ಟ ಚೆನ್ನಾಗಿತ್ತು, ಅದಕ್ಕೇ ಗೆದ್ದರು ಅನ್ನುವ ಮಾತೂ ಜಾಸ್ತಿ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದು ಕೆಳಗಿನ ಉತ್ತರಗಳಲ್ಲಿದೆ.

ಜಪಾನ್ ಯಾವ ಗುಂಪಿನಲ್ಲಿತ್ತು? ಫಲಿತಾಂಶ ಏನಾಯಿತು?

ಇ ಗುಂಪು. ಜೊತೆಗೆ ಇದ್ದವರು ಜರ್ಮನಿ, ಸ್ಪೇನ್, ಕೋಸ್ಟರಿಕಾ.

ನವೆಂಬರ್ 23ರಂದು ಜರ್ಮನಿ ವಿರುದ್ಧ 2-1 ಗೆಲುವು. ನವೆಂಬರ್ 27ರಂದು ಕೋಸ್ಟರಿಕಾ ಎದುರು 0-1 ಸೋಲು. ಡಿಸೆಂಬರ್ 1ರಂದು ಸ್ಪೇನ್ ವಿರುದ್ಧ 2-1 ಗೆಲುವು. ಒಟ್ಟು 6 ಅಂಕ, ಗುಂಪಿನಲ್ಲಿ ಮೊದಲ ಸ್ಥಾನ. ಡಿಸೆಂಬರ್ 5ರಂದು 16ರ ಘಟ್ಟದಲ್ಲಿ ಕ್ರೊವೇಷ್ಯಾ ಜೊತೆ 1-1 ಸಮ. ಪೆನಾಲ್ಟಿ ಶೂಟೌಟ್‌ನಲ್ಲಿ 1-3 ಸೋತು ಮನೆಗೆ.

ಚೀಟಿ ಎತ್ತಿ ಗುಂಪು ಮಾಡಿದಾಗ ಜಪಾನ್ ಮೇಲೆ ಯಾರಿಗಾದರೂ ನಂಬಿಕೆ ಇತ್ತಾ?

ಹೊರಗಿನವರಿಗೆ ಹೆಚ್ಚೇನೂ ಇರಲಿಲ್ಲ. ಸ್ಪೇನ್ 2010ರ ಚಾಂಪಿಯನ್, ಜರ್ಮನಿ 2014ರ ಚಾಂಪಿಯನ್. ಅವರಿಬ್ಬರೂ ಮುಂದಕ್ಕೆ ಹೋಗುತ್ತಾರೆ, ಉಳಿದಿಬ್ಬರು ಮೂರನೇ ಸ್ಥಾನಕ್ಕೆ ಹೊಡೆದಾಡುತ್ತಾರೆ ಅನ್ನುವ ಲೆಕ್ಕಾಚಾರವೇ ಎಲ್ಲ ಕಡೆ ಇತ್ತು. ಆದರೆ ಜಪಾನ್ ತಂಡ ತನ್ನ ಗುರಿಯನ್ನು ಮುಚ್ಚಿಟ್ಟಿರಲಿಲ್ಲ. ಎಂಟರ ಘಟ್ಟ ತಲುಪುವುದೇ ನಮ್ಮ ಗುರಿ ಅಂತ ಮೊದಲೇ ಹೇಳಿಕೊಂಡು ಬಂದಿತ್ತು.

ಜರ್ಮನಿ ಪಂದ್ಯದಲ್ಲಿ ಅರ್ಧ ಸಮಯ ಕಳೆದ ಮೇಲೆ ಅಂಥದ್ದೇನು ಬದಲಾಯಿತು?

ಮೊದಲರ್ಧ ನೋಡಿದವರಿಗೆ ಜಪಾನ್ ಗೆಲ್ಲುತ್ತದೆ ಅಂತ ಅನಿಸಲು ಕಾರಣವೇ ಇರಲಿಲ್ಲ. ಚೆಂಡು ಹೆಚ್ಚೂಕಡಿಮೆ ಪೂರ್ತಿ ಜರ್ಮನಿ ಕಾಲಲ್ಲೇ ಇತ್ತು. ಎಡಗಡೆಯಿಂದ ಡೇವಿಡ್ ರೌಮ್ ಒಬ್ಬನೇ ಆರಾಮಾಗಿ ನುಗ್ಗುತ್ತಿದ್ದ. 31ನೇ ನಿಮಿಷದಲ್ಲಿ ಜಪಾನ್ ಗೋಲ್‌ಕೀಪರ್ ಶುಇಚಿ ಗೋಂದಾ ಅವನನ್ನೇ ಬೀಳಿಸಿದರು. ಪೆನಾಲ್ಟಿ ಸಿಕ್ಕಿತು. 33ನೇ ನಿಮಿಷದಲ್ಲಿ ಗುಂಡೊಗನ್ ಗೋಲು ಹೊಡೆದರು. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಹಾವರ್ಟ್ಜ್ ಇನ್ನೊಂದು ಹೊಡೆದಿದ್ದರು, ಅದು ಆಫ್‌ಸೈಡ್ ಅಂತ ಗೋಲು ಕೊಡಲಿಲ್ಲ.

ಕೋಚ್ ಹಾಜಿಮೆ ಮೊರಿಯಾಸು ಮಾಡಿದ ಮೊದಲ ಕೆಲಸ ಹೊರಗಿನಿಂದ ನೋಡಿದರೆ ವಿಚಿತ್ರ. ಒಂದು ಗೋಲು ಹಿಂದಿದ್ದಾಗ ಅವರು ದಾಳಿ ಆಟಗಾರ ತಕೆಫುಸಾ ಕುಬೊನನ್ನು ಹೊರಗೆ ಕರೆದು ಡಿಫೆಂಡರ್ ತಕೆಹಿರೊ ತೊಮಿಯಾಸುನನ್ನು ಒಳಗೆ ಕಳಿಸಿದರು. ಹಿಂದೆ ನಾಲ್ವರ ಬದಲು ಮೂವರು ಸೆಂಟರ್‌ಬ್ಯಾಕ್‌ಗಳು ನಿಂತರು. ಅದರಿಂದ ಎರಡೂ ಅಂಚಿನ ಆಟಗಾರರು ಮೇಲಕ್ಕೆ ಹೋಗಿ ಜರ್ಮನಿಯ ಅಂಚಿನವರನ್ನು ಅವರ ಜಾಗದಲ್ಲೇ ಹಿಡಿಯಲು ಆಯಿತು. ರೌಮ್‌ಗೆ ಸಿಗುತ್ತಿದ್ದ ಖಾಲಿ ಜಾಗ ಮುಚ್ಚಿಹೋಯಿತು.

ಅದಾದ ಮೇಲೆ ಒಬ್ಬೊಬ್ಬರಾಗಿ ದಾಳಿಯವರನ್ನು ಇಳಿಸಿದರು. 57ನೇ ನಿಮಿಷದಲ್ಲಿ ಕಾವೊರು ಮಿತೊಮಾ, ತಕುಮಾ ಅಸಾನೊ. 71ರಲ್ಲಿ ರಿತ್ಸು ದೋಆನ್. 75ರಲ್ಲಿ ತಕುಮಿ ಮಿನಾಮಿನೊ. ಕೊನೆಗೆ ಎಡ ಅಂಚಿನಲ್ಲಿ ಮಿತೊಮಾ, ಬಲ ಅಂಚಿನಲ್ಲಿ ಜುನ್ಯಾ ಇತೊ, ಇಬ್ಬರೂ ಅಸಲಿಗೆ ವಿಂಗರ್‌ಗಳೇ. ಐದು ಬದಲಾವಣೆಗೆ ಅವಕಾಶ ಇದ್ದ ಮೊದಲ ವಿಶ್ವಕಪ್ ಅದು. ಆ ನಿಯಮದ ಪೂರ್ತಿ ಲಾಭ ತೆಗೆದುಕೊಂಡವರಲ್ಲಿ ಮೊರಿಯಾಸು ಮೊದಲಿಗರು ಅಂತ ನನ್ನ ಅಭಿಪ್ರಾಯ.

ಮೊದಲ ಗೋಲು ಪೂರ್ತಿ ಬದಲಿ ಆಟಗಾರರದ್ದೇ. ಮಿತೊಮಾ ಎಡಗಡೆಯಿಂದ ಒಳಗೆ ಬಂದು ಪಾಸ್ ಕೊಟ್ಟರು. ಆಗಷ್ಟೇ ಇಳಿದಿದ್ದ ಮಿನಾಮಿನೊ ಗೋಲಿನ ಕಡೆ ಹೊಡೆದರು. ಜರ್ಮನಿ ಗೋಲ್‌ಕೀಪರ್ ನಾಯರ್ ತಡೆದರು, ಚೆಂಡು ಪುಟಿದು ದೋಆನ್ ಕಾಲಿಗೆ ಬಂತು. 1-1.

ಎರಡನೆಯದನ್ನು ನಿಧಾನವಾಗಿ ನೋಡಬೇಕು. 83ನೇ ನಿಮಿಷ. ಜಪಾನ್‌ನ ಅರ್ಧದಲ್ಲೇ ಒಂದು ಫ್ರೀಕಿಕ್. ಕೊ ಇತಾಕುರಾ ಕಾಯಲಿಲ್ಲ, ಉದ್ದಕ್ಕೆ ಎತ್ತಿ ಹೊಡೆದರು. ಓಡುತ್ತಲೇ ಇದ್ದ ಅಸಾನೊ ಭುಜದ ಮೇಲಿಂದ ಇಳಿದ ಚೆಂಡನ್ನು ಬಲಗಾಲಿನ ತುದಿಯಲ್ಲಿ ಹಿಡಿದರು. ಆ ಒಂದೇ ಸ್ಪರ್ಶಕ್ಕೆ ಚೆಂಡು ಸತ್ತಂತೆ ಮುಂದೆ ಬಿತ್ತು. ಜರ್ಮನಿ ಡಿಫೆಂಡರ್ ಶ್ಲೋಟರ್‌ಬೆಕ್ ಪಕ್ಕದಲ್ಲೇ ಭುಜ ತಾಗಿಸಿಕೊಂಡು ಓಡಿದರೂ ಹಿಡಿಯಲು ಆಗಲಿಲ್ಲ. ಕೋನ ತೀರಾ ಕಿರಿದು. ನಾಯರ್ ಹತ್ತಿರದ ಕಂಬಕ್ಕೆ ಅಂಟಿಕೊಂಡಿದ್ದರು. ಅವರ ತಲೆಗೂ ಕಂಬಕ್ಕೂ ಮಧ್ಯೆ ಇದ್ದ ಜಾಗದಲ್ಲಿ ಚೆಂಡು ಮೇಲಿನ ಬಲೆಗೆ ಹೋಯಿತು. ಎರಡು ತಿಂಗಳ ಹಿಂದಷ್ಟೇ ಮಂಡಿ ಗಾಯ ಮಾಡಿಕೊಂಡಿದ್ದ ಹುಡುಗ ಅವನು. ಅವನನ್ನು ತಂಡಕ್ಕೆ ಯಾಕೆ ಸೇರಿಸಿದರು ಅಂತ ಜಪಾನ್‌ನಲ್ಲೇ ಕೇಳಿದವರಿದ್ದರು.

ಪಂದ್ಯಕ್ಕೆ ಮುಂಚೆ ಜರ್ಮನಿಯವರು ಬಾಯಿ ಮುಚ್ಚಿಕೊಂಡು ಫೋಟೊ ತೆಗೆಸಿಕೊಂಡಿದ್ದು ಇದೇ ಪಂದ್ಯದಲ್ಲಾ?

ಹೌದು. ತಾರತಮ್ಯ ಬೇಡ ಅನ್ನುವ 'ಒನ್ ಲವ್' ತೋಳುಪಟ್ಟಿ ಧರಿಸಲು ಫಿಫಾ ಬಿಡಲಿಲ್ಲ ಅನ್ನುವುದಕ್ಕೆ ಅವರ ಪ್ರತಿಭಟನೆ ಅದು. ಜಪಾನ್ ತಂಡಕ್ಕೂ ಅದಕ್ಕೂ ಸಂಬಂಧ ಇಲ್ಲ.

ಜರ್ಮನಿಯನ್ನು ಸೋಲಿಸಿ ನಾಲ್ಕೇ ದಿನದಲ್ಲಿ ಕೋಸ್ಟರಿಕಾಗೆ ಹೇಗೆ ಸೋತರು?

ಕೋಸ್ಟರಿಕಾ ಮೊದಲ ಪಂದ್ಯದಲ್ಲಿ ಸ್ಪೇನ್ ಕೈಲಿ 0-7 ಸೋತು ಬಂದಿತ್ತು. ಸುಲಭವಾಗಿ ಗೆಲ್ಲಬಹುದು ಅಂತ ಎಲ್ಲರೂ ಅಂದುಕೊಂಡರು. ಮೊರಿಯಾಸು ಆಡುವ ಹನ್ನೊಂದರಲ್ಲಿ ಐವರನ್ನು ಬದಲಿಸಿದರು.

ಬೈಯುವವರು ಆ ಐದು ಬದಲಾವಣೆಯನ್ನೇ ಹಿಡಿದುಕೊಂಡು ಬೈಯುತ್ತಾರೆ. ನನಗೆ ನಿಜವಾದ ಕಾರಣ ಬೇರೆ ಕಾಣುತ್ತದೆ. ಕೋಸ್ಟರಿಕಾ ಐವರನ್ನು ಹಿಂದೆ ನಿಲ್ಲಿಸಿ ಚೆಂಡನ್ನು ಜಪಾನ್‌ಗೇ ಬಿಟ್ಟುಕೊಟ್ಟಿತು. ಎದುರಾಳಿ ಮುನ್ನುಗ್ಗಿ ಬಂದಾಗ ಅವನ ಬೆನ್ನ ಹಿಂದಿನ ಜಾಗಕ್ಕೆ ಓಡುವುದರಲ್ಲಿ ಜಪಾನ್ ಜೋರು. ಆ ಜಾಗವೇ ಇಲ್ಲದಾಗ ಏನು ಮಾಡಬೇಕು ಅನ್ನುವುದು ಆ ದಿನ ಯಾರಿಗೂ ಹೊಳೆಯಲಿಲ್ಲ. ಪಾಸ್ ಮೇಲೆ ಪಾಸ್, ಆದರೆ ಗೋಲಿನ ಹತ್ತಿರ ಏನೂ ಆಗಲಿಲ್ಲ.

81ನೇ ನಿಮಿಷದಲ್ಲಿ ನಾಯಕ ಮಾಯಾ ಯೊಶಿದಾ ಚೆಂಡನ್ನು ಜೋರಾಗಿ ಆಚೆ ಹೊಡೆಯದೆ ಮೆತ್ತಗೆ ಎತ್ತಿದರು. ಅದು ಎದುರಾಳಿಗೆ ಸಿಕ್ಕಿತು. ಕೀಶರ್ ಫುಲ್ಲರ್ ಹೊಡೆದ ಚೆಂಡು ಗೋಂದಾ ಕೈ ಸವರಿ ಒಳಗೆ ಹೋಯಿತು. ಇಡೀ ಪಂದ್ಯದಲ್ಲಿ ಕೋಸ್ಟರಿಕಾ ಗೋಲಿನತ್ತ ಗುರಿಯಿಟ್ಟು ಹೊಡೆದಿದ್ದು ಅದೊಂದೇ.

ಸ್ಪೇನ್ ಪಂದ್ಯದಲ್ಲಿ ಜಪಾನ್‌ನ ಎರಡನೇ ಗೋಲಿಗೆ ಮುಂಚೆ ಚೆಂಡು ಹೊರಗೆ ಹೋಗಿತ್ತು ಅಲ್ವಾ? ಟಿವಿಯಲ್ಲಿ ಸ್ಪಷ್ಟವಾಗಿ ಕಾಣಿಸಿತ್ತಲ್ಲ!

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ. ಉತ್ತರ: ಹೋಗಿರಲಿಲ್ಲ.

ನಿಯಮ ಸರಳ. ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಹೊರಗೆ. ನೆಲದ ಮೇಲಿದ್ದರೂ ಅಷ್ಟೇ, ಗಾಳಿಯಲ್ಲಿದ್ದರೂ ಅಷ್ಟೇ. ಚೆಂಡು ಉರುಟು. ಅದು ನೆಲಕ್ಕೆ ತಾಗುವುದು ಮಧ್ಯದ ಒಂದು ಬಿಂದುವಿನಲ್ಲಿ. ಅದರ ಹೊಟ್ಟೆ ಆ ಬಿಂದುವಿನಿಂದ ಸುಮಾರು ಹನ್ನೊಂದು ಸೆಂಟಿಮೀಟರ್ ಈಚೆಗೂ ಚಾಚಿಕೊಂಡಿರುತ್ತದೆ. ನೆಲಕ್ಕೆ ತಾಗುವ ಜಾಗ ಗೆರೆಯ ಆಚೆ ಇದ್ದರೂ ಹೊಟ್ಟೆಯ ಅಂಚು ಗೆರೆಯ ಮೇಲೆ ಇರಬಹುದು. ಹಾಗಿದ್ದರೆ ಚೆಂಡು ಆಟದಲ್ಲೇ ಇದೆ.

ಟಿವಿಯಲ್ಲಿ ಎಲ್ಲರೂ ನೋಡಿದ ಚಿತ್ರ ಪಕ್ಕದಿಂದ, ಓರೆಯಾಗಿ ತೆಗೆದದ್ದು. ಅದರಲ್ಲಿ ಚೆಂಡಿಗೂ ಗೆರೆಗೂ ಮಧ್ಯೆ ಹಸಿರು ಹುಲ್ಲು ಕಾಣುತ್ತದೆ. ಅದನ್ನು ನೋಡಿದರೆ ಯಾರಿಗಾದರೂ ಹೊರಗೆ ಅಂತಲೇ ಅನಿಸುತ್ತದೆ. ನೇರ ಮೇಲಿನಿಂದ ಅಥವಾ ಗೆರೆಯ ಸಾಲಿನಿಂದಲೇ ನೋಡಿದರೆ ಕತೆ ಬೇರೆ. ವಿಎಆರ್ ತಂಡ, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವವರು, ಗೋಲ್‌ಲೈನ್ ಕ್ಯಾಮೆರಾದ ಚಿತ್ರ ನೋಡಿ ತೀರ್ಮಾನ ಮಾಡಿತು. ಚೆಂಡಿನ ಅಂಚು ಗೆರೆಯ ಮೇಲೆ ಉಳಿದಿದ್ದು 1.88 ಮಿಲಿಮೀಟರ್ ಅಂತ ಆಮೇಲೆ ವರದಿಯಾಯಿತು. ಮರುದಿನ ಫಿಫಾ ಕೂಡ ಆ ಚಿತ್ರಗಳನ್ನು ಹೊರಗೆ ಬಿಟ್ಟಿತು.

ಆ ಕ್ಷಣ ಏನಾಯಿತು ಅಂತಲೂ ಹೇಳಬೇಕು. ದೋಆನ್ ಬಲಗಡೆಯಿಂದ ಗೋಲಿನ ಮುಂದೆ ಹಾಯುವಂತೆ ಚೆಂಡು ಹೊಡೆದರು. ದೈಜೆನ್ ಮಾಯೆದಾ ಜಾರಿಕೊಂಡು ಹೋದರೂ ಕಾಲಿಗೆ ಸಿಗಲಿಲ್ಲ. ಚೆಂಡು ಆಚೆ ಹೊರಟೇ ಹೋಯಿತು ಅಂತ ಸ್ಪೇನ್‌ನವರು ನಿಂತುಬಿಟ್ಟರು. ಮಿತೊಮಾ ನಿಲ್ಲಲಿಲ್ಲ. ಮೈಚಾಚಿ ಎಡಗಾಲಿನಲ್ಲಿ ಹಿಂದಕ್ಕೆ ಎಳೆದರು. ನುಗ್ಗಿ ಬಂದ ಆವೊ ತನಾಕಾ ಹತ್ತಿರದಿಂದಲೇ ಅದನ್ನು ಒಳಗೆ ನೂಕಿದರು. 51ನೇ ನಿಮಿಷ, 2-1. ಮಿತೊಮಾ ಮತ್ತು ತನಾಕಾ ಕವಾಸಾಕಿ ಊರಿನ ಒಂದೇ ಪ್ರಾಥಮಿಕ ಶಾಲೆಯಲ್ಲಿ, ಸಗಿನುಮಾದಲ್ಲಿ ಓದಿದವರು. ಚಿಕ್ಕಂದಿನಲ್ಲಿ ಒಂದೇ ಕ್ಲಬ್‌ನಲ್ಲಿ ಆಡಿದವರು. ಆ ಗೋಲಿನ ಬಗ್ಗೆ ನನಗೆ ಇಷ್ಟವಾಗುವ ಸಂಗತಿ ಮಿಲಿಮೀಟರ್ ಲೆಕ್ಕಕ್ಕಿಂತ ಇದು.

ಚೆಂಡು ಕಾಲಲ್ಲೇ ಇಲ್ಲದೆ ಪಂದ್ಯ ಗೆಲ್ಲುವುದು ಹೇಗೆ ಸಾಧ್ಯ?

ಸ್ಪೇನ್ ವಿರುದ್ಧ ಜಪಾನ್ ಕಾಲಲ್ಲಿ ಚೆಂಡು ಇದ್ದದ್ದು ಶೇ 18ಕ್ಕಿಂತ ಕಡಿಮೆ. ವಿಶ್ವಕಪ್‌ನಲ್ಲಿ ಇಷ್ಟು ಕಡಿಮೆ ಪಾಲಿನಲ್ಲಿ ಪಂದ್ಯ ಗೆದ್ದ ತಂಡ 1966ರಿಂದ ಇಟ್ಟಿರುವ ಲೆಕ್ಕದಲ್ಲಿ ಇನ್ನೊಂದಿಲ್ಲ.

ಇದನ್ನು ಸುಮ್ನೆ ಹಿಂದೆ ಕೂತು ಗೆದ್ದರು ಅಂತ ತಿಳಿಯಬಾರದು. ಮೊದಲರ್ಧದಲ್ಲಿ ಕೂತಿದ್ದು ನಿಜ. 11ನೇ ನಿಮಿಷದಲ್ಲೇ ಸ್ಪೇನ್‌ನ ಮೊರಾಟಾ ತಲೆಯಿಂದ ಗೋಲು ಹೊಡೆದರು. ಅರ್ಧ ಸಮಯದ ಒಳಗೆ ಜಪಾನ್‌ನ ಮೂವರೂ ಸೆಂಟರ್‌ಬ್ಯಾಕ್‌ಗಳಿಗೆ ಹಳದಿ ಕಾರ್ಡ್ ಬಿದ್ದಿತ್ತು. ಆದರೂ ಅಂತರ ಒಂದೇ ಗೋಲು. ಅಲ್ಲಿಂದ ಮೊರಿಯಾಸು ಮತ್ತೆ ಅದೇ ಕೆಲಸ ಮಾಡಿದರು. ಮಿತೊಮಾ, ದೋಆನ್ ಇಬ್ಬರನ್ನೂ ಇಳಿಸಿದರು.

ಎರಡನೇ ಅರ್ಧ ಶುರುವಾದ ಕೂಡಲೇ ಇಡೀ ತಂಡ ಮೇಲಕ್ಕೆ ಹೋಗಿ ಒತ್ತಿತು. ಸ್ಪೇನ್ ಏನೇ ಆದರೂ ಗೋಲ್‌ಕೀಪರ್‌ನಿಂದಲೇ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುವ ತಂಡ. ಅದು ಜಪಾನ್‌ಗೆ ಗೊತ್ತಿತ್ತು. ಮಾಯೆದಾ ಕೀಪರ್ ಉನಾಯ್ ಸಿಮೊನ್ ಮೇಲೆ ನುಗ್ಗಿದರು. ಸಿಮೊನ್ ಅವಸರದಲ್ಲಿ ಎಡಕ್ಕೆ ಎತ್ತಿಕೊಟ್ಟರು. ಇತೊ ಅಲ್ಲಿ ಮೊದಲೇ ಹೋಗಿ ತಲೆ ಕೊಟ್ಟರು. ಚೆಂಡು ದೋಆನ್‌ಗೆ ಬಂತು. ಎಡಗಾಲಲ್ಲಿ ಬಾರಿಸಿದ ಹೊಡೆತಕ್ಕೆ ಸಿಮೊನ್ ಕೈ ತಾಗಿದರೂ ನಿಲ್ಲಲಿಲ್ಲ. ಇದಾಗಿ ಮೂರೇ ನಿಮಿಷಕ್ಕೆ ತನಾಕಾ ಗೋಲು. ಆಮೇಲೆ ತೊಮಿಯಾಸುನನ್ನು ಬಲಗಡೆ ನಿಲ್ಲಿಸಿ ಬಾಗಿಲು ಹಾಕಿದರು.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಇದೇ ಸ್ಪೇನ್ ಎದುರು ಜಪಾನ್ ಹೆಚ್ಚುವರಿ ಸಮಯದ ಗೋಲಿನಿಂದ 0-1 ಸೋತಿತ್ತು. ಕೋಚ್ ಇದೇ ಮೊರಿಯಾಸು. ಯೊಶಿದಾ, ಎಂಡೊ, ತನಾಕಾ, ದೋಆನ್, ಕುಬೊ ಆ ತಂಡದಲ್ಲಿದ್ದರು. ಸಿಮೊನ್, ಪೆದ್ರಿ ಆ ಕಡೆ ಇದ್ದರು. ಸ್ಪೇನ್ ಎಲ್ಲಿ ಒತ್ತಿದರೆ ತಡವರಿಸುತ್ತದೆ ಅನ್ನುವುದನ್ನು ಜಪಾನ್ ಮೈದಾನದಲ್ಲೇ ಕಲಿತಿತ್ತು.

ಜಪಾನ್ ಗೆದ್ದಿದ್ದಕ್ಕೆ ಜರ್ಮನಿ ಯಾಕೆ ಹೊರಬಿತ್ತು?

ಅದೇ ಹೊತ್ತಿಗೆ ಜರ್ಮನಿ ಕೋಸ್ಟರಿಕಾವನ್ನು 4-2ರಿಂದ ಸೋಲಿಸಿತು. ಆಗ ಸ್ಪೇನ್‌ಗೂ ಜರ್ಮನಿಗೂ ತಲಾ 4 ಅಂಕ. ಕೋಸ್ಟರಿಕಾಗೆ ಏಳು ಗೋಲು ಹೊಡೆದಿದ್ದ ಸ್ಪೇನ್‌ನ ಗೋಲು ವ್ಯತ್ಯಾಸ +6, ಜರ್ಮನಿಯದ್ದು +1. ಸ್ಪೇನ್ ಮುಂದೆ ಹೋಯಿತು. ಜರ್ಮನಿ ಸತತ ಎರಡನೇ ವಿಶ್ವಕಪ್‌ನಲ್ಲಿ ಗುಂಪು ಹಂತದಲ್ಲೇ ಹೊರಬಿತ್ತು. ಮಧ್ಯದಲ್ಲಿ ಕೋಸ್ಟರಿಕಾ 2-1 ಮುಂದಿದ್ದ ಮೂರು ನಿಮಿಷ ಸ್ಪೇನ್, ಜರ್ಮನಿ ಎರಡೂ ಹೊರಗೆ ಇದ್ದವು! ಎರಡು ಪರದೆ ಇಟ್ಟುಕೊಂಡು ನೋಡಿದವರಿಗೆ ಆ ರಾತ್ರಿ ಮರೆಯಲು ಆಗುವುದಿಲ್ಲ.

ಮೊರಿಯಾಸುಗೂ ಕತಾರ್ ರಾಜಧಾನಿ ದೋಹಾಗೂ ಏನೋ ಹಳೇ ಕತೆ ಇದೆಯಂತಲ್ಲ?

ಇದೆ. ಅದು ಗೊತ್ತಿಲ್ಲದೆ ಈ ವಿಶ್ವಕಪ್ ಪೂರ್ತಿ ಅರ್ಥ ಆಗುವುದಿಲ್ಲ.

1993ರ ಅಕ್ಟೋಬರ್. 1994ರ ಅಮೆರಿಕ ವಿಶ್ವಕಪ್‌ಗೆ ಏಷ್ಯಾದ ಕೊನೇ ಸುತ್ತಿನ ಅರ್ಹತಾ ಪಂದ್ಯಗಳು ದೋಹಾದಲ್ಲೇ ನಡೆದವು. ಆರು ತಂಡ, ಎರಡಕ್ಕೆ ಮಾತ್ರ ಅವಕಾಶ. ಜಪಾನ್ ಅಲ್ಲಿಯವರೆಗೆ ಒಂದು ವಿಶ್ವಕಪ್ಪನ್ನೂ ಆಡಿರಲಿಲ್ಲ. ಅಕ್ಟೋಬರ್ 28ರಂದು ಕೊನೇ ಪಂದ್ಯ, ಇರಾಕ್ ವಿರುದ್ಧ. ಗೆದ್ದರೆ ಸಾಕು. ಕಾಜು ಮಿಯುರಾ, ಮಸಾಶಿ ನಕಾಯಾಮಾ ಗೋಲು ಹೊಡೆದರು. 90 ನಿಮಿಷ ಮುಗಿದಾಗ ಜಪಾನ್ 2-1 ಮುಂದಿತ್ತು.

ಇರಾಕ್‌ಗೆ ಒಂದು ಕಾರ್ನರ್ ಸಿಕ್ಕಿತು. ಹೊಡೆದವನು ನೇರವಾಗಿ ಗೋಲಿನ ಮುಂದಕ್ಕೆ ಹೊಡೆಯಲಿಲ್ಲ. ಪಕ್ಕದವನಿಗೆ ತಳ್ಳಿದ. ಜಪಾನ್ ಒಂದು ಗಳಿಗೆ ಮೈಮರೆಯಿತು. ಅಲ್ಲಿಂದ ಬಂದ ಚೆಂಡಿಗೆ ಜಾಫರ್ ಒಮ್ರಾನ್ ತಲೆ ಕೊಟ್ಟ. ಚೆಂಡು ಕೀಪರ್ ತಲೆ ಮೇಲಿಂದ ಹೋಗಿ ಬಲೆಗೆ ಬಿತ್ತು. 2-2. ಸೌದಿ ಅರೇಬಿಯಾ, ದಕ್ಷಿಣ ಕೊರಿಯಾ ವಿಶ್ವಕಪ್‌ಗೆ ಹೋದವು. ಕೊರಿಯಾಗೂ ಜಪಾನ್‌ಗೂ ಅಂಕ ಸಮ. ಗೋಲು ವ್ಯತ್ಯಾಸದಲ್ಲಿ ಜಪಾನ್ ಹೊರಗುಳಿಯಿತು. ಜಪಾನ್ ಆಟಗಾರರು ಮೈದಾನದಲ್ಲೇ ಕುಸಿದು ಬಿದ್ದರು. ಅವರಲ್ಲಿ ಒಬ್ಬರು 25 ವರ್ಷದ ಮಿಡ್‌ಫೀಲ್ಡರ್, ಹಾಜಿಮೆ ಮೊರಿಯಾಸು. ಆ ದಿನವನ್ನು ಜಪಾನ್‌ನಲ್ಲಿ ದೋಹಾದ ದುರಂತ ಅಂತಲೇ ಕರೆಯುತ್ತಾರೆ.

29 ವರ್ಷ ಆದಮೇಲೆ ಅದೇ ಊರಿಗೆ ಅವರು ಕೋಚ್ ಆಗಿ ಬಂದರು. ಸ್ಪೇನ್ ಪಂದ್ಯದಲ್ಲೂ 2-1 ಮುನ್ನಡೆ, ಇನ್ನೇನು ಒಂದು ನಿಮಿಷ ಬಾಕಿ. ಆಗ ತನಗೆ 1993 ನೆನಪಾಯಿತು ಅಂತ ಆಮೇಲೆ ಅವರೇ ಹೇಳಿಕೊಂಡರು. ಈ ಸಲ ತನ್ನ ಹುಡುಗರು ಹಿಂದೆ ಸರಿಯದೆ ಮುಂದೆ ಹೋಗಿ ಚೆಂಡು ಕಸಿಯುತ್ತಿದ್ದದ್ದನ್ನು ನೋಡಿ ಕಾಲ ಬದಲಾಗಿದೆ ಅನಿಸಿತಂತೆ.

ಆಟಗಾರನಾಗಿ ಅವರು ಹಿರೋಷಿಮಾದವರು. ಕೋಚ್ ಆಗಿ ಸಾನ್‌ಫ್ರೆಚ್ಚೆ ಹಿರೋಷಿಮಾಗೆ 2012, 2013, 2015ರಲ್ಲಿ ಲೀಗ್ ಗೆದ್ದುಕೊಟ್ಟರು. ಪಂದ್ಯದುದ್ದಕ್ಕೂ ಚಿಕ್ಕ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ಇರುತ್ತಾರೆ. ಕೂಗಾಡುವ ಮನುಷ್ಯ ಅಲ್ಲ. ಅದಕ್ಕೇ ಅವರನ್ನು ಬಹಳ ಜನ ಕಡಿಮೆ ಅಂದಾಜು ಮಾಡಿದರು.

ಆಗ ವಿಶ್ವಕಪ್ಪನ್ನೇ ಆಡದ ದೇಶ 30 ವರ್ಷದಲ್ಲಿ ಇಲ್ಲಿಗೆ ಬಂದಿದ್ದು ಹೇಗೆ?

ದುರಂತ ನಡೆದ ಅದೇ 1993ರ ಮೇ 15ರಂದು ಜಪಾನ್‌ನ ವೃತ್ತಿಪರ ಲೀಗ್ ಆದ ಜೆ-ಲೀಗ್ ಶುರುವಾಗಿತ್ತು. ಹತ್ತು ಕ್ಲಬ್. ಅದಕ್ಕೆ ಮುಂಚೆ ಕಂಪನಿಗಳ ತಂಡಗಳೇ ಇದ್ದವು, ನೌಕರರೇ ಆಟಗಾರರು. ಹೊಸ ಲೀಗ್ ಕ್ಲಬ್‌ಗಳನ್ನು ಊರಿನ ಹೆಸರಿಗೆ ಕಟ್ಟಿತು. ಜೀಕೊ, ಗ್ಯಾರಿ ಲಿನೆಕರ್, ಪಿಯರ್ ಲಿಟ್‌ಬಾರ್ಸ್‌ಕಿ ಅಂಥವರು ಬಂದು ಆಡಿದರು. ಊರೂರಿನಲ್ಲಿ ಮಕ್ಕಳ ತಂಡಗಳು, ತರಬೇತಿ ಪಡೆದ ಕೋಚ್‌ಗಳು ಬಂದರು. 1997ರ ನವೆಂಬರ್‌ನಲ್ಲಿ ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ ಇರಾನ್ ವಿರುದ್ಧ ಒಕಾನೊ ಹೊಡೆದ ಗೋಲ್ಡನ್ ಗೋಲು (ಹೆಚ್ಚುವರಿ ಸಮಯದಲ್ಲಿ ಬಿದ್ದ ಕೂಡಲೇ ಪಂದ್ಯ ಮುಗಿಸುವ ಗೋಲು) ಜಪಾನನ್ನು ಮೊದಲ ಸಲ ವಿಶ್ವಕಪ್‌ಗೆ ಕರೆದೊಯ್ದಿತು. 1998ರಿಂದ ಒಂದು ವಿಶ್ವಕಪ್ಪೂ ತಪ್ಪಿಸಿಕೊಂಡಿಲ್ಲ.

ಇದರಲ್ಲಿ ಜರ್ಮನಿಯ ಪಾಲು ದೊಡ್ಡದು. 1960ರಲ್ಲಿ ಡೆಟ್‌ಮಾರ್ ಕ್ರಾಮರ್ ಅನ್ನುವ ಜರ್ಮನ್ ಕೋಚ್ ಜಪಾನ್‌ಗೆ ಬಂದರು. ಪಾಸ್, ಟ್ರ್ಯಾಪ್‌ನಂಥ ಮೂಲ ಪಾಠದಿಂದ ಶುರುಮಾಡಿದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನ್ ಕಂಚು ಗೆದ್ದಿತು, ಕಮಾಮೊತೊ 7 ಗೋಲು ಹೊಡೆದರು. 1977ರಲ್ಲಿ ಯಾಸುಹಿಕೊ ಒಕುದೆರಾ ಕಲೋನ್ ಕ್ಲಬ್ ಸೇರಿ ಬುಂಡೆಸ್‌ಲಿಗಾದಲ್ಲಿ ಆಡಿದ ಮೊದಲ ಜಪಾನಿ ಆದರು. ಅವರ ಹಿಂದೆ ಸಾಲುಸಾಲಾಗಿ ಹೋದರು. ಕತಾರ್ ತಂಡದಲ್ಲಿದ್ದ ಎಂಟು ಮಂದಿ ಜರ್ಮನಿಯ ಕ್ಲಬ್‌ಗಳಲ್ಲೇ ಆಡುತ್ತಿದ್ದವರು. ಜರ್ಮನಿಗೆ ಗೋಲು ಹೊಡೆದ ದೋಆನ್ ಆಗ ಫ್ರೈಬುರ್ಗ್ ಆಟಗಾರ, ಅಸಾನೊ ಬೋಖುಮ್ ಆಟಗಾರ. ಪ್ರತಿ ವಾರ ಯಾರನ್ನು ಎದುರಿಸುತ್ತಿದ್ದರೋ ಅವರನ್ನೇ ವಿಶ್ವಕಪ್‌ನಲ್ಲೂ ಎದುರಿಸಿದರು. ಹೆದರಿಕೆ ಎಲ್ಲಿಂದ ಬರಬೇಕು?

ಮಿತೊಮಾ ಡ್ರಿಬ್ಲಿಂಗ್ ಬಗ್ಗೆ ಕಾಲೇಜಿನಲ್ಲಿ ಪ್ರಬಂಧ ಬರೆದದ್ದು ನಿಜವಾ?

ನಿಜ. ಕವಾಸಾಕಿ ಫ್ರೊಂತಾಲೆ ಕ್ಲಬ್ ಹೈಸ್ಕೂಲ್ ಮುಗಿದ ಕೂಡಲೇ ಕರೆದಿತ್ತು. ಅವರು ಬೇಡ ಅಂತ ತ್ಸುಕುಬಾ ವಿಶ್ವವಿದ್ಯಾಲಯ ಸೇರಿದರು. ಆಟಗಾರರ ತಲೆಗೆ ಚಿಕ್ಕ ಕ್ಯಾಮೆರಾ ಕಟ್ಟಿ, ಚೆನ್ನಾಗಿ ಡ್ರಿಬಲ್ ಮಾಡುವವರ ಕಣ್ಣು ಎಲ್ಲಿರುತ್ತದೆ ಅಂತ ನೋಡಿದರು. ಪಳಗಿದವರು ಚೆಂಡನ್ನು ನೋಡುತ್ತಾ ಕೂರುವುದಿಲ್ಲ, ತಲೆ ಎತ್ತಿ ಮುಂದೆ ನೋಡುತ್ತಾರೆ ಅನ್ನುವುದು ಕಂಡುಬಂತು. ಓದು ಮುಗಿಸಿಯೇ ಅವರು ವೃತ್ತಿಪರ ಆಟಕ್ಕೆ ಬಂದರು.

ಕ್ರೊವೇಷ್ಯಾ ಎದುರು ಪೆನಾಲ್ಟಿಯಲ್ಲಿ ಏನಾಯಿತು?

120 ನಿಮಿಷದಲ್ಲಿ ಜಪಾನ್ ಯಾವುದರಲ್ಲೂ ಕಡಿಮೆ ಇರಲಿಲ್ಲ. 43ನೇ ನಿಮಿಷದಲ್ಲಿ ಮಾಯೆದಾ ಗೋಲು. ಟೂರ್ನಿಯಲ್ಲಿ ಜಪಾನ್ ಮೊದಲು ಗೋಲು ಹೊಡೆದದ್ದು ಅದೊಂದೇ ಸಲ. 55ರಲ್ಲಿ ಕ್ರೊವೇಷ್ಯಾದ ಪೆರಿಸಿಚ್ ದೂರದಿಂದ ತಲೆ ಕೊಟ್ಟು ಸಮ ಮಾಡಿದರು.

ಶೂಟೌಟ್‌ಗೆ ಯಾರು ಮೊದಲು ಹೋಗಬೇಕು ಅನ್ನುವುದನ್ನು ಮೊರಿಯಾಸು ಆಟಗಾರರಿಗೇ ಬಿಟ್ಟರು. ಯಾರು ಹೊಡೆಯುತ್ತೀರಿ ಅಂದಾಗ ಮಿನಾಮಿನೊ ಮುಂದೆ ಬಂದರು. ಅವರ ಹೊಡೆತವನ್ನು ಕ್ರೊವೇಷ್ಯಾ ಗೋಲ್‌ಕೀಪರ್ ಡೊಮಿನಿಕ್ ಲಿವಾಕೊವಿಚ್ ತಡೆದರು. ಮಿತೊಮಾ ಹೊಡೆದದ್ದನ್ನೂ ತಡೆದರು. ಅಸಾನೊ ಗೋಲು ಹೊಡೆದರು. ಕ್ರೊವೇಷ್ಯಾದ ಲಿವಾಯಾ ಹೊಡೆತ ಕಂಬಕ್ಕೆ ಬಡಿದಾಗ ಒಂದು ಆಸೆ ಹುಟ್ಟಿತ್ತು. ಯೊಶಿದಾ ಹೊಡೆದದ್ದನ್ನೂ ಲಿವಾಕೊವಿಚ್ ಹಿಡಿದಾಗ ಅದು ಮುಗಿಯಿತು.

ಇಲ್ಲಿ ನನಗೆ ಮೊರಿಯಾಸು ಮೇಲೆ ತಕರಾರು ಇದೆ. ಇಡೀ ಟೂರ್ನಿಯಲ್ಲಿ ನಿಮಿಷ ನಿಮಿಷಕ್ಕೂ ಯೋಚಿಸಿ ಹೆಜ್ಜೆ ಇಟ್ಟ ಮನುಷ್ಯ ಕೊನೇ ಘಳಿಗೆಯನ್ನು ಕೈ ಎತ್ತಿದವರಿಗೆ ಬಿಟ್ಟಿದ್ದು ಸರಿ ಅನಿಸುವುದಿಲ್ಲ. ಯಾರು, ಯಾವ ಕ್ರಮದಲ್ಲಿ ಅನ್ನುವುದನ್ನು ಹಿಂದಿನ ದಿನವೇ ತೀರ್ಮಾನಿಸಬಹುದಿತ್ತು. ಮೂರೂ ಹೊಡೆತ ಮೆತ್ತಗಿದ್ದವು. ಹಾಗಂತ ಲಿವಾಕೊವಿಚ್ ಪಾಲನ್ನು ಕಡಿಮೆ ಮಾಡಲಾಗದು, ನಾಲ್ಕು ದಿನ ಬಿಟ್ಟು ಅವರು ಬ್ರೆಜಿಲ್ ತಂಡವನ್ನೂ ಹೀಗೇ ಮನೆಗೆ ಕಳಿಸಿದರು.

ಸೋತ ಮೇಲೆ ಮೊರಿಯಾಸು ಒಬ್ಬರೇ ಅಭಿಮಾನಿಗಳ ಎದುರು ಹೋಗಿ ಸೊಂಟ ಬಗ್ಗಿಸಿ ನಮಸ್ಕರಿಸಿದರು.

16ರ ಘಟ್ಟ ದಾಟಲು ಜಪಾನ್‌ಗೆ ಒಮ್ಮೆಯೂ ಆಗಿಲ್ಲವಾ?

ಕತಾರ್‌ವರೆಗಿನ ಲೆಕ್ಕ ಹೀಗಿದೆ: ನಾಲ್ಕು ಸಲ ಅಲ್ಲಿಗೆ ಬಂದು ನಾಲ್ಕೂ ಸಲ ನಿಂತಿದೆ. 2002ರಲ್ಲಿ ತವರಿನಲ್ಲೇ ಟರ್ಕಿಗೆ 0-1. 2010ರಲ್ಲಿ ಪರಾಗ್ವೆಗೆ ಪೆನಾಲ್ಟಿಯಲ್ಲಿ, ಕೊಮಾನೊ ಹೊಡೆತ ಅಡ್ಡಪಟ್ಟಿಗೆ ಬಡಿಯಿತು. 2018ರಲ್ಲಿ ಬೆಲ್ಜಿಯಂಗೆ 2-3.

2018ರದ್ದು ಎಲ್ಲಕ್ಕಿಂತ ನೋವಿನದ್ದು. ಹರಗುಚಿ, ಇನುಯಿ ಗೋಲುಗಳಿಂದ 2-0 ಮುಂದಿದ್ದರು. 2-2 ಆಯಿತು. ಕೊನೇ ನಿಮಿಷ ಜಪಾನ್‌ಗೇ ಕಾರ್ನರ್. ಹೊಂಡಾ ಹೊಡೆದರು, ಬೆಲ್ಜಿಯಂ ಗೋಲ್‌ಕೀಪರ್ ಕುರ್ತುವಾ ಹಿಡಿದು ಡಿ ಬ್ರುಯ್ನೆಗೆ ಉರುಳಿಸಿದರು. ಹದಿನೈದು ಸೆಕೆಂಡ್ ಕೂಡ ಆಗಿರಲಿಲ್ಲ, ಈ ತುದಿಯಲ್ಲಿ ಶಾದ್ಲಿ ಗೋಲು ಹೊಡೆದಾಗಿತ್ತು. ಮೊರಿಯಾಸು ಆ ದಿನ ಸಹಾಯಕ ಕೋಚ್ ಆಗಿ ಬೆಂಚಿನಲ್ಲಿದ್ದರು.

ಪಂದ್ಯ ಮುಗಿದ ಮೇಲೆ ಅಭಿಮಾನಿಗಳು ಕಸ ಹೆಕ್ಕುವುದು ಕ್ಯಾಮೆರಾಗೋಸ್ಕರವಾ?

ಅಲ್ಲ. 1998ರ ಫ್ರಾನ್ಸ್ ವಿಶ್ವಕಪ್‌ನಿಂದಲೇ ಮಾಡುತ್ತಿದ್ದಾರೆ. ಆಗ ಮೂರೂ ಪಂದ್ಯ ಸೋತಿದ್ದರು. ಹುರಿದುಂಬಿಸಲು ಗಾಳಿ ತುಂಬಿ ಬೀಸುವ ನೀಲಿ ಪ್ಲಾಸ್ಟಿಕ್ ಚೀಲಗಳೇ ಆಟ ಮುಗಿದ ಮೇಲೆ ಕಸದ ಚೀಲ ಆಗುತ್ತವೆ. ಜಪಾನ್ ಶಾಲೆಗಳಲ್ಲಿ ತರಗತಿ ಗುಡಿಸಿ ಒರೆಸುವುದು ಮಕ್ಕಳ ದಿನದ ಕೆಲಸ, ಆ ರೂಢಿ ಇಲ್ಲೂ ಬರುತ್ತದೆ. ಕತಾರ್‌ನಲ್ಲಿ ಜಪಾನ್ ಆಡದ ಉದ್ಘಾಟನಾ ಪಂದ್ಯದ ನಂತರವೂ ಕೆಲವರು ಕಸ ಹೆಕ್ಕಿದರು. ತಂಡದವರು ಡ್ರೆಸ್ಸಿಂಗ್ ರೂಮ್ ಒಪ್ಪವಾಗಿಟ್ಟು, ಕಾಗದದ ಕೊಕ್ಕರೆಗಳನ್ನೂ ಅರೇಬಿಕ್‌ನಲ್ಲಿ ಬರೆದ ಧನ್ಯವಾದದ ಚೀಟಿಯನ್ನೂ ಇಟ್ಟು ಹೋದರು. ಬರೀ ಇದನ್ನೇ ಹೊಗಳಿ ಅವರ ಆಟವನ್ನು ಮರೆಯುವುದು ಮಾತ್ರ ಅನ್ಯಾಯ.

ಅಂಗಿಯ ಮೇಲೆ ಮೂರು ಕಾಲಿನ ಹಕ್ಕಿ ಯಾಕೆ?

ಅದು ಯಾತಗರಾಸು, ಜಪಾನ್ ಪುರಾಣದಲ್ಲಿ ದಾರಿ ತೋರಿಸುವ ಕಾಗೆ. ಜಪಾನ್ ಫುಟ್‌ಬಾಲ್ ಸಂಸ್ಥೆಯ ಲಾಂಛನ.

ಜಪಾನ್ ವಿಶ್ವಕಪ್ ಗೆದ್ದೇ ಇಲ್ಲ ಅಂತಾರಲ್ಲ?

ಮಹಿಳೆಯರು ಗೆದ್ದಿದ್ದಾರೆ. 2011ರ ಜುಲೈ 17ರಂದು ಫ್ರಾಂಕ್‌ಫರ್ಟ್‌ನಲ್ಲಿ. ಆ ಮಾರ್ಚ್‌ನಲ್ಲಷ್ಟೇ ತೊಹೊಕು ಭೂಕಂಪ, ಸುನಾಮಿ ದೇಶವನ್ನು ಅಲುಗಾಡಿಸಿತ್ತು. ಫೈನಲ್‌ನಲ್ಲಿ ಅಮೆರಿಕ ಎರಡು ಸಲ ಮುಂದೆ ಹೋಯಿತು, ಜಪಾನ್ ಎರಡು ಸಲವೂ ಸಮ ಮಾಡಿತು. 117ನೇ ನಿಮಿಷದ ಗೋಲು ನಾಯಕಿ ಹೊಮಾರೆ ಸಾವಾ ಅವರದ್ದು. ಪೆನಾಲ್ಟಿಯಲ್ಲಿ 3-1 ಗೆಲುವು. ಹಿರಿಯರ ವಿಶ್ವಕಪ್ ಗೆದ್ದ ಏಷ್ಯಾದ ಮೊದಲ ತಂಡ ಅದು. ಪುರುಷರ ತಂಡಕ್ಕೆ 2050ರೊಳಗೆ ವಿಶ್ವಕಪ್ ಗೆಲ್ಲುವ ಗುರಿಯನ್ನು ಅಲ್ಲಿನ ಸಂಸ್ಥೆ 2005ರಲ್ಲೇ ಇಟ್ಟುಕೊಂಡಿದೆ.

ಭಾರತ ಯಾವತ್ತಾದರೂ ಜಪಾನನ್ನು ಸೋಲಿಸಿದೆಯಾ?

ಸೋಲಿಸಿದೆ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 2-0. ಆ ಸಲ ಚಿನ್ನವೂ ನಮ್ಮದೇ. ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು. ಅಲ್ಲಿಂದ ಆರು ವರ್ಷಕ್ಕೆ ಜಪಾನ್ ಒಲಿಂಪಿಕ್ಸ್ ಕಂಚು ಗೆದ್ದಿತು ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕತಾರ್ ಆದಮೇಲೆ ಏನಾಯಿತು?

ಮೊರಿಯಾಸು ಉಳಿದರು. ವಿಶ್ವಕಪ್ ಮುಗಿದ ಮೇಲೂ ಜಪಾನ್ ಅದೇ ಕೋಚ್ ಇಟ್ಟುಕೊಂಡದ್ದು ಅದೇ ಮೊದಲು. 2023ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ವೊಲ್ಫ್ಸ್‌ಬುರ್ಗ್‌ಗೇ ಹೋಗಿ 4-1 ಗೆದ್ದರು. ಮರುದಿನ ಜರ್ಮನಿ ತನ್ನ ಕೋಚ್ ಹಾನ್ಸಿ ಫ್ಲಿಕ್ ಅವರನ್ನು ತೆಗೆದುಹಾಕಿತು. ಅದೃಷ್ಟದ ವಾದ ಮಾಡುವವರಿಗೆ ನಾನು ತೋರಿಸುವ ಪಂದ್ಯ ಇದು. 2024ರ ಆರಂಭದ ಏಷ್ಯನ್ ಕಪ್‌ನಲ್ಲಿ ಮಾತ್ರ ಎಂಟರ ಘಟ್ಟದಲ್ಲಿ ಇರಾನ್‌ಗೆ 1-2 ಸೋತರು. 2025ರ ಮಾರ್ಚ್ 20ರಂದು ಸೈತಾಮಾದಲ್ಲಿ ಬಹ್ರೇನ್ ವಿರುದ್ಧ 2-0 ಗೆದ್ದು, ಆತಿಥೇಯರನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಮೊದಲ ತಂಡವಾದರು. ಅದೇ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ 0-2 ಹಿಂದಿದ್ದು ಬ್ರೆಜಿಲ್ ವಿರುದ್ಧ 3-2 ಗೆದ್ದರು. ಬ್ರೆಜಿಲ್ ಮೇಲೆ ಜಪಾನ್‌ನ ಮೊದಲ ಗೆಲುವು.

ಒಂದೇ ಪಂದ್ಯ ನೋಡಲು ಸಮಯ ಇದ್ದರೆ ಯಾವುದು ನೋಡಲಿ?

ಜರ್ಮನಿ ಪಂದ್ಯ. ಸ್ಪೇನ್ ಪಂದ್ಯದ ಗೋಲುಗಳ ತುಣುಕು ನೋಡಿದರೆ ಸಾಕು, ಇದನ್ನು ಪೂರ್ತಿ ನೋಡಬೇಕು. ಮೊದಲರ್ಧ ಬೇಸರ ಅನಿಸಿದರೂ ಬಿಡಬೇಡಿ, ರೌಮ್‌ಗೆ ಎಷ್ಟು ಜಾಗ ಸಿಗುತ್ತಿತ್ತು ಅಂತ ಗಮನಿಸಿ. ಎರಡನೇ ಅರ್ಧದಲ್ಲಿ ಚೆಂಡನ್ನು ಬಿಟ್ಟು ತೊಮಿಯಾಸು ಎಲ್ಲಿ ನಿಲ್ಲುತ್ತಾರೆ, ಮಿತೊಮಾ ಎಷ್ಟು ಮೇಲೆ ನಿಲ್ಲುತ್ತಾರೆ ಅಂತ ನೋಡಿ. 70ನೇ ನಿಮಿಷದ ಸುಮಾರಿಗೆ ಗೋಂದಾ ಸಾಲಾಗಿ ನಾಲ್ಕು ಹೊಡೆತ ತಡೆಯುತ್ತಾರೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಅದರಲ್ಲಿ ಒಂದು ಒಳಗೆ ಹೋಗಿದ್ದರೂ ದೋಆನ್, ಅಸಾನೊ ಗೋಲುಗಳ ಮಾತೇ ಬರುತ್ತಿರಲಿಲ್ಲ. ಪಂದ್ಯಶ್ರೇಷ್ಠ ಅಂತ ಆ ದಿನ ಅವರನ್ನೇ ಆರಿಸಿದರು.